ನೀಲಿ ಗೂಬೆಯವರ ಪ್ರಶ್ನೆಗಳು

ಮನೆಯಿಂದ,
ಶನಿವಾರ, ಮಾರ್ಚ್ ೮

ನನ್ನ ಮುದ್ದು ಚಿನ್ನೀ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಬಂದರಿನ ಗಾಳಿ ಒಳ್ಳೆಯದಲ್ಲ, ಕಿವಿ ಮುಚ್ಚಿಕೊಂಡೇ ಕ್ರೇನು ಹತ್ತು ಅಂತ ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಹೂಂ ಅನ್ನುತ್ತೀಯ. ನಿನ್ನ ಹೂಂ ನನಗೆ ಗೊತ್ತಿಲ್ಲವಾ? ಅಷ್ಟೆತ್ತರದಲ್ಲಿ ಕೂತು ಕಬ್ಬಿಣದ ಪೆಟ್ಟಿಗೆ ಎತ್ತುವವಳಿಗೆ ಕೆಳಗಿನಿಂದ ಬುದ್ಧಿ ಹೇಳಿದರೆ ಎಲ್ಲಿ ಕೇಳಿಸುತ್ತದೆ ಬಿಡು. ಬೆಳಿಗ್ಗೆ ದೇವರ ಮುಂದೆ ಕೂತರೆ ಮೊದಲು ನಿನ್ನ ಕ್ರೇನಿನ ಹಗ್ಗ ಗಟ್ಟಿಯಾಗಿರಲಿ ಅಂತ ಬೇಡಿಕೊಳ್ಳುತ್ತೇನೆ, ಉಳಿದವರ ಪಾಳಿ ಆಮೇಲೆ. ನಾನು ಚೆನ್ನಾಗಿದ್ದೇನೆ. ಮಂಡಿ ಆಪರೇಷನ್ ಆದಮೇಲೆ ನಿಮ್ಮಪ್ಪನ ಕಾಲು ಸ್ಟೂಲಿನ ಮೇಲೆ, ಬಾಯಿ ನನ್ನ ಮೇಲೆ. ಬಸ್ಸು ಓಡಿಸುವ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿದರೆ ಮನೆಯೇ ಬಸ್ಸಾಗುತ್ತದೆ ನೋಡು. ಆ ಕಿಟಕಿ ತೆಗಿ, ಈ ಬಾಗಿಲು ಹಾಕು, ದಾರಿಗೆ ಅಡ್ಡ ನಿಲ್ಲಬೇಡ! ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಅಂದುಕೊಳ್ಳುತ್ತೀಯೇನೋ. ಅಡುಗೆಮನೆಯಲ್ಲಿ ಉಸಿರು ಬಿಟ್ಟರೂ ಮುಂದಿನ ಕೋಣೆಗೆ ಕೇಳುವ ಮನೆ ನಮ್ಮದು. ಅದಕ್ಕೇ.

ನೀನು ಹೋಗುವಾಗ ನನ್ನ ಫೋನಿಗೆ ಆ ತೋಟದ ಆಟ ಹಾಕಿಕೊಟ್ಟೆಯಲ್ಲ, ನಾನೂ ಅಲ್ಲಿ ತೋಟ ಮಾಡಿದ್ದೀನಿ, ಬಂದು ನೀರು ಹಾಕಿ ಹೋಗು ಅಂತ. ಹಾಗೆ ಹೋಗಿ ಬಂದು ನಾನೀಗ ಅಲ್ಲಿ ಸಹಾಯಕಿ ಆಗಿದ್ದೇನೆ! ಸಂಬಳವಿಲ್ಲ, ಹೆಸರಿನ ಪಕ್ಕ ಒಂದು ಹಳದಿ ಹೂವು ಕೊಟ್ಟಿದ್ದಾರೆ, ಅಷ್ಟೆ. ಹೊಸಬರು ಏನಾದರೂ ಕೇಳಿದರೆ ಆ ಹೊತ್ತಿಗೆ ಕೂತಿರುವ ಸಹಾಯಕರು ಉತ್ತರ ಬರೆಯಬೇಕು. ಕನ್ನಡದಲ್ಲಿ ಬರೆಯುವವರು ನಾವು ಮೂವರೇ. ನಿಮ್ಮಪ್ಪನಿಗೆ ಹೇಳಿಲ್ಲ. ಮೊದಲೇ ಅವರು, ಇಲ್ಲದ ತೋಟಕ್ಕೆ ನೀರು ಹಾಕಿ ಆಯ್ತಾ, ಕಾಲು ತೊಳ್ಕೊಂಡು ಬಾ, ಕೆಸರಾಗಿರುತ್ತೆ ಅಂತ ಆಡಿಕೊಳ್ಳುತ್ತಾರೆ.

ಸಹಾಯ ಅಂದರೆ ನನಗೇನು ಹೊಸದಾ ಅಂದುಕೊಂಡು ಶುರುಮಾಡಿದೆ. ಬೀಜ ಇಲ್ಲ ಅಂದವರಿಗೆ ನನ್ನ ಬೀಜ ಕೊಟ್ಟೆ, ಕಳೆ ಬೆಳೆದಿದೆ ಅಂದವರ ತೋಟಕ್ಕೆ ನಾನೇ ಹೋಗಿ ಕಿತ್ತುಹಾಕಿದೆ. ಒಂದು ವಾರದಲ್ಲಿ ನನ್ನ ತೋಟ ಬೋಳು, ಬೇಲಿಯ ಮುಂದೆ ಕೈಚಾಚಿದವರ ಸಾಲು. ನಮ್ಮ ಸಹಾಯಕರಿಗೆಲ್ಲ ಹಿರಿಯಳು ಅಂತ ಒಬ್ಬಳು ಇದ್ದಾಳೆ, ಹಲ್ಲಿನ ಡಾಕ್ಟರು, ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳೇ. ಅವಳು ಹೇಳಿದಳು, ಅಕ್ಕಾ, ನೀವು ಸಹಾಯ ಮಾಡ್ತಾ ಇಲ್ಲ, ಸಾಕ್ತಾ ಇದ್ದೀರಿ ಅಂತ. ಮುಖಕ್ಕೆ ನೀರೆರಚಿದ ಹಾಗಾಯಿತು. ಅಂದಿನಿಂದ ಕೈ ಕಟ್ಟಿಕೊಂಡು ಬರೀ ದಾರಿ ತೋರಿಸುತ್ತೇನೆ. ಅದು ಕಿತ್ತುಹಾಕುವುದಕ್ಕಿಂತ ಕಷ್ಟ ಕಣೇ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅನ್ನಬೇಕು, ಇದ್ದಬದ್ದದ್ದು ಹೇಳಿ ಕಳಿಸಬಾರದು. ಎಲ್ಲಕ್ಕಿಂತ ಮುಖ್ಯ, ಇಷ್ಟು ಸಣ್ಣದನ್ನು ಕೇಳಿಬಿಟ್ಟೆನಲ್ಲ ಅಂತ ಕೇಳಿದವರಿಗೆ ನಾಚಿಕೆ ಆಗಬಾರದು. ಇನ್ನೊಂದು, ಯಾರು ಏನು ಕೇಳಿದರು ಅಂತ ಹೆಸರು ಹಿಡಿದು ಹೊರಗೆ ಹೇಳಬಾರದು. ಒಪ್ಪಿಕೊಂಡಿದ್ದೇನೆ, ದೇವರ ಮೇಲೆ ಭಾರ ಹಾಕಿ.

ಹೀಗಿರುವಾಗ ನೀಲಿ ಗೂಬೆಯವರು ಬಂದರು. ಹೊಸಬರಿಗೆ ಆಟವೇ ಒಂದು ಬಣ್ಣ, ಒಂದು ಪ್ರಾಣಿ ಸೇರಿಸಿ ಹೆಸರಿಡುತ್ತದೆ, ಬೇಕಾದರೆ ಆಮೇಲೆ ಬದಲಾಯಿಸಿಕೊಳ್ಳಬಹುದು. ಇವರಿಗೆ ಬದಲಾಯಿಸಲು ಬರಲಿಲ್ಲ, ಕೇಳಲು ಬಿಗುಮಾನ. ನಮಸ್ಕಾರ ಗಿಮಸ್ಕಾರ ಏನಿಲ್ಲ, ನೇರ ಪ್ರಶ್ನೆ, ಬಾವಿ ಎಲ್ಲಿದೆ? ಬಲಗಡೆ ನೋಡಿ ಸ್ವಾಮಿ ಅಂತ ಬರೆದೆ. ಬಲಗಡೆ ಅಂದ್ರೆ ಡ್ರೈವರ್ ಸೈಡಾ ಅಂತ ಬಂತು. ನಾನು ಹೌದು ಅಂತ ಕಳಿಸಿದೆ, ನಮ್ಮ ಮುಂದಿನ ಕೋಣೆಯಲ್ಲಿ ಟಿಂಗ್ ಅಂತು. ಇನ್ನೊಂದು ಸಲ ಏನೋ ಬರೆದೆ, ಇನ್ನೊಂದು ಟಿಂಗ್. ಗೂಬೆಯವರು ಯಾರು ಅಂತ ನಾನು ಹೇಳುವಂತಿಲ್ಲ ಚಿನ್ನಿ, ಮಾತು ಕೊಟ್ಟಿದ್ದೇನೆ. ನೀನು ಜಾಣೆ.

ಕಾಫಿ ಕೊಡಲು ಹೋದರೆ ಫೋನು ದಿಂಬಿನ ಕೆಳಗೆ ಹೋಗುತ್ತದೆ, ತಿರುಗಿ ನನಗೇ ಕೆಸರಿನ ಕುಹಕ. ನಿಮ್ಮ ಟೊಮೇಟೊ ಒಣಗುತ್ತಿದೆ, ಮೊದಲು ಅದನ್ನು ನೋಡಿ ಅನ್ನುವ ಮಾತು ಎಷ್ಟು ಸಲ ನಾಲಿಗೆಯ ತುದಿಗೆ ಬಂತೋ, ನುಂಗಿಕೊಂಡೆ. ಒಮ್ಮೆ ನಗು ತಡೆಯಲಾಗದೆ ಹಿತ್ತಲಿಗೆ ಹೋಗಿ ಒಗೆದಿಟ್ಟ ಸೀರೆಯನ್ನೇ ಇನ್ನೊಂದು ಸಲ ಹಿಂಡಿ ಬಂದೆ.

ಆದರೆ ಮೊನ್ನೆ ಅವರು ಕೇಳಿದ್ದು ಬೇರೆ. ಬೇರೆಯವರ ತೋಟದೊಳಗೆ ಹೋಗುವುದು ಹೇಗೆ ಅಂತ. ಬೇಲಿಯ ಬಾಗಿಲು ತಟ್ಟಿ, ತೋಟದವರು ಬನ್ನಿ ಅಂತ ಒತ್ತಿದರೆ ಒಳಗೆ ಹೋಗಬಹುದು ಅಂತ ಬರೆದೆ. ಸ್ವಲ್ಪ ಹೊತ್ತಿಗೆ, ತಟ್ಟಿದೆ, ಬೇಡ ಅಂತ ಬಂತು ಅಂದರು. ಆಮೇಲೆ ಒಂದೇ ಉಸಿರಿಗೆ ಬರೆದ ಹಾಗೆ ಬಂತು, ಮಗಳ ತೋಟ ಮೇಡಂ, ಆಫೀಸಿನ ಕೆಲಸ ಬಿಟ್ಟು ಕ್ರೇನಿಗೆ ಹೋಗ್ತೀನಿ ಅಂದಾಗ ಬಾಯಿಗೆ ಬಂದ ಹಾಗೆ ಅಂದೆ, ಬಾಗಿಲು ತೆಗೀದೆ ಇರೋದು ಸರಿಯೇ.

ಚಿನ್ನಿ, ಇಷ್ಟು ವರ್ಷದಲ್ಲಿ ಅವರ ಬಾಯಿಂದ ಮೇಡಂ ಅನ್ನುವುದನ್ನೂ ಕೇಳಿರಲಿಲ್ಲ, ತಪ್ಪಾಯಿತು ಅನ್ನುವಂಥದ್ದನ್ನೂ ಕೇಳಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ನಾನು ಹಾಗೇ ನಿಂತಿದ್ದೆ. ನೀಲಿ ಗೂಬೆ ಅಂತ ಬಂದರೆ ಯಾರಾದರೂ ಬೇಡ ಅಂತಲೇ ಒತ್ತುತ್ತಾರೆ, ನಿಮ್ಮ ಹೆಸರು ಹಾಕಿಕೊಂಡು ತಟ್ಟಿ, ಹೆಸರು ಬದಲಾಯಿಸುವುದು ಹೀಗೆ ಅಂತ ಬರೆದೆ. ಅದಕ್ಕೆ ಅವರು ಬರೆದದ್ದು ನೋಡು, ಹೆಸರು ನೋಡಿಯೂ ಬೇಡ ಅಂದ್ರೆ? ಗೂಬೆಯಾಗಿ ಬೇಡ ಅನ್ನಿಸಿಕೊಳ್ಳೋದೇ ವಾಸಿ.

ಇದಕ್ಕೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅಂತ ಬರೆದೆ. ಕೇಳುವುದು ಯಾರನ್ನು, ನಿನ್ನನ್ನೇ ತಾನೆ? ಡಾಕ್ಟರಮ್ಮ ಹೆಸರು ಹೇಳಬಾರದು ಅಂದಿದ್ದಾಳೆ, ಹೆಸರು ನಾನು ಎಲ್ಲೂ ಬರೆದಿಲ್ಲ. ದೇವರ ಹತ್ತಿರವೂ ಕೇಳಿದೆ, ಅವನು ಬೇಡ ಅನ್ನಲಿಲ್ಲ. ಇಷ್ಟಕ್ಕೂ ಹಳದಿ ಹೂವು ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಅಂದ ಮಾತು ನಿನಗೆ ನೋವಾಗಿದೆ, ಅದು ನನಗೆ ಗೊತ್ತು. ತೋಟ ನಿನ್ನದು, ಬಾಗಿಲು ನಿನ್ನದು, ನಿನ್ನ ಬೆರಳು ಹಿಡಿದು ನಾನು ಒತ್ತಿಸುವುದಿಲ್ಲ.

ನಿನ್ನ ಜೊತೆ ರೂಮಿನಲ್ಲಿರುವ ಹುಡುಗಿಯನ್ನು ಕೇಳಿದೆ ಅಂತ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇಲೆ ಹತ್ತುವಾಗಲೂ ಇಳಿಯುವಾಗಲೂ ದೇವರು ನಿನ್ನ ಜೊತೆ ಒಂದೊಂದು ಮೆಟ್ಟಿಲಲ್ಲೂ ಇರಲಿ.

ನಿನ್ನ ದಾರಿ ಕಾಯುವ,
ಅಮ್ಮ

ಮತ್ತೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಿನ್ನ ತೋಟಕ್ಕೆ ನೀರು ಹಾಕಲು ಬಂದಾಗ ಗೂಬೆಯವರು ಬೇಲಿಯ ಆಚೆ ಸುಮ್ಮನೆ ನಿಂತಿದ್ದರು. ಇನ್ನು ಅವರು ತಟ್ಟುವುದಿಲ್ಲ. ಒಳಗಿನಿಂದ ನೀನೇ ಕರೆಯಲೂಬಹುದು, ಮೂಲೆಯ ಗಂಟೆ ಒತ್ತಿದರೆ ಆಯಿತು. ಬಂದ ಕೂಡಲೇ ಅಪ್ಪಾ ಅನ್ನಬೇಡ, ಓಡಿಹೋಗುತ್ತಾರೆ. ಅಯ್ಯೋ, ಬರೆದೇಬಿಟ್ಟೆನಲ್ಲ! ಇರಲಿ, ಹೊಸ ಹಾಳೆಗೆ ಸಮಯವಿಲ್ಲ. ಮೊದಲು ನಿನ್ನ ತೋಟದ ಟ್ರಾಕ್ಟರು ಕೊಟ್ಟು ಈ ಕಡೆ ತನ್ನಿ ಅನ್ನು. ಆ ಆಟದಲ್ಲಿ ರಿವರ್ಸ್ ಹಾಕಲು ಅವರಿಗೆ ಬರುವುದಿಲ್ಲ. ನನ್ನನ್ನು ಎರಡು ಸಲ ಕೇಳಿದ್ದಾರೆ, ಉತ್ತರ ಬರೆಯದೆ ಹಾಗೇ ಇಟ್ಟಿದ್ದೇನೆ. ನೀನು ಹೇಳಿಕೊಡು.