ನೋಡೋಣ ಎಂಬ ಒಪ್ಪಿಗೆ

ಹದಿನಾಲ್ಕನೇ ತಾರೀಖು, ಮಂಗಳವಾರ
ಆಫೀಸಿನಿಂದ

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಮನೆಯವಳು, ನಿನ್ನ ಔಷಧದ ಅಂಗಡಿ ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೆ, ಆರು ಫೋನಿಗೆ ನಾನು ಉತ್ತರ ಕೊಟ್ಟಿಲ್ಲ. ಕೆಲಸದ ಒತ್ತಡ ಎಂದು ಬರೆಯಬಹುದಿತ್ತು. ಆದರೆ ನೀನು ತಮ್ಮ, ಗಿರಾಕಿಯಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೆ.

ಮೊದಲು ಈ ಪ್ರಕರಣಕ್ಕೆ ಆದ ಖರ್ಚು ಹೇಳಿಬಿಡುತ್ತೇನೆ. ಒಬ್ಬ ಹೊಲಿಗೆಯಾಕೆಯ ಎರಡೂ ಕಣಕಾಲು. ಮೂವತ್ತೊಂದು ವರ್ಷ ಕಟ್ಟಿದ ಹೆಸರು. ವಕೀಲರ ಕಚೇರಿಯ ಬೆಂಚಿನ ಮೇಲೆ ಹನ್ನೊಂದು ಮಧ್ಯಾಹ್ನ. ನಮ್ಮ ಹೆಡ್ ಮೆಕ್ಯಾನಿಕ್. ರಾಜೀನಾಮೆ ಬರೆಯುವ ತೊಂದರೆ ಕೂಡ ತೆಗೆದುಕೊಳ್ಳದೆ, ಸ್ಪ್ಯಾನರ್ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ನಡೆದುಬಿಟ್ಟ. ಕೊನೆಯದು, ನಿನ್ನ ಮಗಳು ನನ್ನನ್ನು ಅತ್ತೆ ಎನ್ನುವುದು ಬಿಟ್ಟು ಮೇಡಂ ಎನ್ನತೊಡಗಿದ್ದಾಳೆ. ಅದಕ್ಕೆ ಬೆಲೆ ಕಟ್ಟುವುದು ನನಗೆ ಬರುವುದಿಲ್ಲ.

ಒಂದು ಲಿಫ್ಟು ಕೆಟ್ಟಿತು, ವಿಚಾರಣೆ ಇದೆ ಎಂದಷ್ಟೇ ಅವಳು ನಿನಗೆ ಹೇಳಿದ್ದಾಳಂತೆ. ಉಳಿದದ್ದನ್ನು ನನ್ನಿಂದ ಕೇಳು.

ನಾನು ಮೇಲೆ ಬಂದದ್ದು ಲಿಫ್ಟಿನಲ್ಲೇ ಎಂದು ನೀನು ತಮಾಷೆ ಮಾಡುತ್ತೀಯಲ್ಲ, ಅದು ಸುಳ್ಳಲ್ಲ. ಆರು ವರ್ಷ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವಳು, ಆಮೇಲೆ ಅದನ್ನು ರಿಪೇರಿ ಮಾಡುವುದು ಕಲಿತೆ, ಆಮೇಲೆ ಸ್ವಂತ ಕಂಪನಿ ಕಟ್ಟಿ ಮಾಡಿಸುವುದು. ಆ ಕಾಲದ ಲಿಫ್ಟ್ ಇನ್ಸ್‌ಪೆಕ್ಟರ್ ನೆನಪಿದೆಯಲ್ಲ? ಪ್ರಮಾಣಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ಸರಿಯಾಗಿ ಅವನ ಪೆನ್ನಿನ ಇಂಕು ಮುಗಿಯುತ್ತಿತ್ತು, ಲಕೋಟೆ ಕಂಡ ಕೂಡಲೇ ಪೆನ್ನು ಮತ್ತೆ ಬರೆಯುತ್ತಿತ್ತು. ಅವನಂಥವರನ್ನು ಕಂಡು ಕಂಡು ರೋಸಿಹೋಗಿದ್ದೆ. ಹಾಗಾಗಿ ಹೊಸ ಸರ್ಕಾರ ‘ಉದ್ಯಮಿಯನ್ನು ನಂಬೋಣ’ ಎಂಬ ನೀತಿ ತಂದಾಗ, ಮಂತ್ರಿಗಳ ಸಭೆಯಲ್ಲಿ ಎದ್ದು ನಿಂತು ಅದರ ಪರ ಮಾತನಾಡಿದವಳು ನಾನೇ. ನಮ್ಮನ್ನು ಕಳ್ಳರ ಹಾಗೆ ನೋಡಬೇಡಿ, ನಮ್ಮ ಲಿಫ್ಟಿಗೆ ನಾವೇ ಹೊಣೆ ಎಂದೆ. ಚಪ್ಪಾಳೆ ಬಿತ್ತು. ಇನ್ಸ್‌ಪೆಕ್ಟರುಗಳು ಮನೆಗೆ ಹೋದರು. ಇನ್ನು ಮೇಲೆ ಕಂಪನಿಯ ಸುರಕ್ಷತಾ ಎಂಜಿನಿಯರೇ ಸಹಿ ಹಾಕಿದರೆ ಸಾಕು ಎಂದಾಯಿತು. ನಮ್ಮಲ್ಲಿ ಆ ಎಂಜಿನಿಯರ್ ನಿನ್ನ ಮಗಳು.

ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದೆ, ಈಗಲೂ ಅರ್ಧ ನಂಬುತ್ತೇನೆ. ಆದರೆ ಒಂದು ಲೆಕ್ಕ ಬಿಟ್ಟುಹೋಗಿತ್ತು. ಲಂಚ ತಿನ್ನುವವನಾದರೂ ಆ ಇನ್ಸ್‌ಪೆಕ್ಟರ್ ಮಾಳಿಗೆಯ ಮೆಷಿನ್ ಕೋಣೆಗೆ ಹತ್ತುತ್ತಿದ್ದ. ಲಿಫ್ಟನ್ನು ನಿಧಾನವಾಗಿ ಇಳಿಸಲು ಹೇಳಿ, ಉಕ್ಕಿನ ಹಗ್ಗಕ್ಕೆ ಹಳೇ ಬನಿಯನ್ ತುಂಡು ಹಿಡಿಯುತ್ತಿದ್ದ. ಎಳೆ ಹರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮೂರು ಕಡೆ ಸಿಕ್ಕಿದರೆ ಎಷ್ಟು ದಪ್ಪ ಲಕೋಟೆ ಕೊಟ್ಟರೂ ಅವನ ಪೆನ್ನು ಬರೆಯುತ್ತಿರಲಿಲ್ಲ. ಈಗ ತಿನ್ನುವವನೂ ಇಲ್ಲ, ಬಟ್ಟೆ ಹಿಡಿಯುವವನೂ ಇಲ್ಲ.

ಎರಡು ವರ್ಷದ ಹಿಂದೆ ಕಂಪನಿಯ ದೊಡ್ಡ ಪಾಲನ್ನು ನಾನು ಮಾರಿದ್ದು ನಿನಗೆ ಗೊತ್ತು. ಅಧ್ಯಕ್ಷೆ ಎಂಬ ಫಲಕ ನನಗೆ ಉಳಿಯಿತು, ಆಡಳಿತ ಕೊಂಡವರದು. ಅವರು ಕಳಿಸಿದ ಮುಖ್ಯಸ್ಥನಿಗೆ ನಮ್ಮ ಮೆಕ್ಯಾನಿಕ್‌ಗಳು ಇಟ್ಟ ಹೆಸರು ಸ್ಲೈಡ್ ಸಾಹೇಬ. ಕುಡಿಯಲು ನೀರು ಬೇಕಿದ್ದರೂ ಗೋಡೆಯ ಮೇಲೆ ಚಿತ್ರ ತೋರಿಸಿ ಕೇಳುತ್ತಾನೆ ಎಂದು. ಒಳ್ಳೆಯ ನಡತೆ, ಮೆಲುದನಿ, ಯಾರಿಗೂ ಬೈಯುವುದಿಲ್ಲ. ಬೈಯುವವನನ್ನು ಹೇಗಾದರೂ ನಿಭಾಯಿಸುತ್ತಿದ್ದೆ.

ಇನ್ಸ್‌ಪೆಕ್ಟರ್ ಹೋದ ಮೇಲಿನ ಮೊದಲ ಸಭೆಯಲ್ಲೇ ಅವನು ಒಂದು ಸ್ಲೈಡು ತೋರಿಸಿದ. ಹಗ್ಗವನ್ನು ಮೂರು ವರ್ಷಕ್ಕೆ ಬದಲಿಸುವುದು ನಮ್ಮ ಹಳೆಯ ರೂಢಿ ಮಾತ್ರ, ಐದು ವರ್ಷ ಬಳಸಬಹುದು ಎಂದ. ನಿನ್ನ ಭಾಷೆಯಲ್ಲಿ ಹೇಳುವುದಾದರೆ, ಮಾತ್ರೆ ಅದೇ, ಡಬ್ಬಿಯ ಮೇಲಿನ ತಾರೀಖಿಗೆ ಹೊಸ ಚೀಟಿ. ಎಲ್ಲರೂ ನನ್ನ ಮುಖ ನೋಡಿದರು. ನಾನು ‘ನೋಡೋಣ’ ಎಂದೆ.

ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲ ಎನ್ನುವುದು ಒರಟು, ನೋಡೋಣ ಅನ್ನಿ ಎಂದು ಅಪ್ಪ ನಮಗೆ ಕಲಿಸಿದ್ದರು. ನನ್ನನ್ನು ಕೇಳಿ ಬಂದ ಗಂಡಿನ ಕಡೆಯವರಿಗೂ ಅವರು ನೋಡೋಣ ಅಂದರು. ಬಂದವರು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದರು. ಸೈಕಲ್ ಕೇಳಿದ್ದಕ್ಕೆ ನೋಡೋಣ ಎಂದ ಕೂಡಲೇ ನೆಲಕ್ಕೆ ಬಿದ್ದು ಅತ್ತವನು ನೀನು. ಮೂವತ್ತೊಂದು ವರ್ಷ ಗಿರಾಕಿಗಳೂ, ಪೂರೈಕೆದಾರರೂ, ಮೆಕ್ಯಾನಿಕ್‌ಗಳೂ ನನ್ನ ಆ ಮಾತು ಕೇಳಿ ಸುಮ್ಮನೆ ತಲೆಯಾಡಿಸಿ ಹೋಗಿದ್ದಾರೆ. ಆದರೆ ಅಂದು ಸಭೆಯ ನಡಾವಳಿ ಬರೆದವನು ಹೊಸ ಕಾರ್ಯದರ್ಶಿ. ಅವನ ಪುಸ್ತಕದಲ್ಲಿ ನೋಡೋಣ ಎಂದರೆ ಹೌದು, ಸ್ವಲ್ಪ ನಿಧಾನವಾಗಿ. ‘ಅಧ್ಯಕ್ಷರು ತಾತ್ವಿಕವಾಗಿ ಒಪ್ಪಿದರು’ ಎಂದು ಬರೆದ. ಅದರ ಆಧಾರದ ಮೇಲೆ ಹೊಸ ಹಗ್ಗದ ಆರ್ಡರ್ ಸದ್ದಿಲ್ಲದೆ ರದ್ದಾಯಿತು.

ನಾಲ್ಕು ದಿನ ಬಿಟ್ಟು ನಿನ್ನ ಮಗಳು ನನ್ನ ಕೋಣೆಗೆ ಬಂದಳು. ಕೈಯಲ್ಲಿ ಇನ್ನೂರ ಹನ್ನೆರಡು ಪ್ರಮಾಣಪತ್ರ, ತಿಂಗಳ ಕೊನೆಗೆ ಸಹಿ ಆಗಲೇಬೇಕು.

“ಅತ್ತೆ, ಹಗ್ಗಕ್ಕೆ ಐದು ವರ್ಷ ಅಂತ ಮಾತು ಓಡಾಡ್ತಿದೆ. ಹಾಗಾಗುತ್ತಾ?”

“ನೋಡೋಣ” ಎಂದೆ.

ಅವಳು ನಕ್ಕಳು. “ಅಷ್ಟು ಸಾಕು ಬಿಡಿ” ಎಂದಳು. ಅತ್ತೆ ಬೇಡ ಅಂದಾಯಿತು, ಹಗ್ಗ ಎಂದಿನಂತೆ ಮುಂದಿನ ತಿಂಗಳು ಬರುತ್ತದೆ ಎಂದು ನಂಬಿ ಅಲ್ಲೇ, ನನ್ನ ಮೇಜಿನ ಈ ತುದಿಯಲ್ಲೇ ಕೂತು ಸಹಿ ಹಾಕಿದಳು. ಕೈ ನೋಯುತ್ತದೆ ಎಂದು ಎರಡು ಸಲ ಬೆರಳು ಒತ್ತಿಕೊಂಡಳು. ನಾನೇ ಹಾಳೆ ತಿರುವಿಕೊಟ್ಟೆ.

ಐದು ವಾರಕ್ಕೆ ಬಟ್ಟೆ ಅಂಗಡಿಯ ಲಿಫ್ಟಿನಲ್ಲಿ ನಾಲ್ಕು ಹಗ್ಗಗಳ ಪೈಕಿ ಎರಡು ಹರಿದವು, ಉಳಿದೆರಡು ಜಾರಿದವು. ಕೆಳಗಿನ ಬ್ರೇಕು ತಡವಾಗಿಯಾದರೂ ಕಚ್ಚಿಕೊಂಡಿತು. ಒಳಗೆ ಏಳು ಜನ. ಆರು ಜನರಿಗೆ ಭಯವಷ್ಟೇ ಆಯಿತು. ಬಟ್ಟೆಯ ಗಂಟು ಹೊತ್ತು ನಿಂತಿದ್ದ ಹೊಲಿಗೆಯಾಕೆಯ ಕಣಕಾಲುಗಳು ಮುರಿದವು. ಆಸ್ಪತ್ರೆಗೆ ಹೋಗಿದ್ದೆ. ಅವಳು ನನ್ನನ್ನು ಬೈಯಲಿಲ್ಲ. ಹೊಲಿಗೆ ಮೆಷಿನ್ನಿಗೆ ಕಾಲೇ ಬೇಡದಂಥದ್ದು ಸಿಗುತ್ತದಾ ಎಂದು ಕೇಳಿದಳು, ಅಂಗಡಿಯಲ್ಲಿ ವಿಚಾರಿಸುವ ಹಾಗೆ.

ಅಂದು ಸಂಜೆ ನಿನ್ನ ಮಗಳು ನಡಾವಳಿಯ ಪುಟ ಹಿಡಿದುಕೊಂಡು ಬಂದು ನಿಂತಳು. “ನೀವು ನೋಡೋಣ ಅಂದಿದ್ರಿ. ನಮ್ಮ ಮನೇಲಿ ಅದಕ್ಕೆ ಒಂದೇ ಅರ್ಥ.” ಕಾರ್ಯದರ್ಶಿ ತಪ್ಪು ಬರೆದಿದ್ದಾನೆ ಕಣೇ ಎಂದೆ. ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡಳು. “ಸರಿ ಮೇಡಂ” ಎಂದಳು.

ಗುರುವಾರ ವಿಚಾರಣೆ. ಕಂಪನಿಯ ವಕೀಲರ ವಾದ ಸಿದ್ಧವಾಗಿದೆ: ಸಹಿ ಎಂಜಿನಿಯರದ್ದು, ಹಗ್ಗ ಬಂದಿದೆಯೇ ಎಂದು ನೋಡದೆ ಸಹಿ ಹಾಕಿದವರು ಅವರೇ. ಹೊಸ ಕಾನೂನಿನಲ್ಲಿ ಸಹಿ ಹಾಕಿದವರಿಗೇ ಜೈಲು. ನಂಬಿಕೆಯ ಕಾನೂನು ನೋಡು, ನಂಬಿದವರನ್ನೇ ಹಿಡಿಯುತ್ತದೆ.

ಉಳಿದ ಇನ್ನೂರ ಹನ್ನೊಂದು ಲಿಫ್ಟುಗಳನ್ನು ನಿಲ್ಲಿಸಿ ಎಂದು ಸಾಹೇಬನಿಗೆ ಹೇಳಿದೆ. “ಈಗ ನಿಲ್ಲಿಸಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ ಮೇಡಂ. ವಿಚಾರಣೆ ಮುಗೀಲಿ” ಎಂದ, ಅದೇ ಮೆಲುದನಿಯಲ್ಲಿ. ಹಾಗಾಗಿ ಎಲ್ಲವೂ ಓಡುತ್ತಿವೆ. ಈ ಕೋಣೆಯ ಗೋಡೆಯಾಚೆಗಿರುವುದೂ ನಮ್ಮದೇ, ನಾಲ್ಕನೇ ವರ್ಷದ ಹಗ್ಗ. ಇಳಿಯುವಾಗ ಎರಡನೇ ಮಹಡಿಯ ಹತ್ತಿರ ಟಿಕ್ ಎನ್ನುತ್ತದೆ. ಮೊದಲೂ ಅನ್ನುತ್ತಿತ್ತೋ ಏನೋ, ಕಿವಿಗೊಟ್ಟಿರಲಿಲ್ಲ. ಈಗಷ್ಟೇ ಎದುರಿನ ಕಚೇರಿಯವರು ಊಟಕ್ಕೆ ಇಳಿದರು, ಹತ್ತು ಹನ್ನೆರಡು ಜನ, ನಗುತ್ತ. ಅವರು ಕೆಳಗೆ ಬಾಗಿಲು ತೆರೆದ ಸದ್ದು ಕೇಳುವವರೆಗೆ ಈ ಸಾಲು ಬರೆಯಲು ಆಗಲಿಲ್ಲ. ನಾನು ಮೆಟ್ಟಿಲು ಹತ್ತುತ್ತಿದ್ದೇನೆ. ಮಂಡಿಗೆ ಒಳ್ಳೆಯದು ಎಂದು ಕೇಳಿದವರಿಗೆ ಹೇಳುತ್ತೇನೆ.

ನಿನ್ನ ಮನೆಯವಳಿಗೆ ಧೈರ್ಯ ಹೇಳು. ಮಗಳು ಸರಿಯಾಗಿ ಉಣ್ಣುತ್ತಿಲ್ಲ, ಫೋನಿನಲ್ಲಿ ಕೇಳಿದರೆ ಉಂಡೆ ಎನ್ನುತ್ತಾಳೆ, ನಂಬಬೇಡ. ನೀವೆಲ್ಲ ನೂರು ಕಾಲ ನೆಲದ ಮೇಲೆ ಗಟ್ಟಿಯಾಗಿ ನಿಂತು ಬಾಳಿ. ಲಿಫ್ಟಿನವಳು ಇದಕ್ಕಿಂತ ದೊಡ್ಡ ಆಶೀರ್ವಾದ ಮಾಡಲಾರಳು.

ನಿನ್ನ ಅಕ್ಕ

ಮ.ವಿ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಕಾರ್ಯದರ್ಶಿಯ ತಪ್ಪು ಎಂದು ಮೇಲೆ ಬರೆದದ್ದು ಅರ್ಧ ಸತ್ಯ. ಅವನು ನಡಾವಳಿಯನ್ನು ಮರುದಿನ ಬೆಳಿಗ್ಗೆ ನನ್ನ ಮೇಜಿಗೆ ತಂದ, ತಿದ್ದುವುದಿದ್ದರೆ ತಿದ್ದಿ ಎಂದ. ನಾನು ಓದಿದೆ. ಓದದೆ ಸಹಿ ಹಾಕಿದವಳಲ್ಲ ನಾನು. ‘ಒಪ್ಪಿದರು’ ಎಂಬಲ್ಲಿ ಪೆನ್ನು ನಿಂತಿತು ಕೂಡ. ಮಂತ್ರಿಗಳ ಸಲಹಾ ಸಮಿತಿಗೆ ನನ್ನ ಹೆಸರಿನ ಶಿಫಾರಸು ಪತ್ರ ಅಂದೇ ಸಾಹೇಬನ ಕೈಯಿಂದ ಹೋಗಬೇಕಿತ್ತು. ಸ್ಟೂಲಿನ ಮೇಲೆ ಕೂತವಳಿಗೆ ಆ ಕುರ್ಚಿ ಬೇಕೆನಿಸಿತು. ತಿದ್ದದೆ ಸಹಿ ಹಾಕಿದೆ. ನಿನ್ನ ಮಗಳು ಬಂದು ಕೇಳಿದಾಗ ಐದು ವರ್ಷವೇ ಗಟ್ಟಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಳೆ ತಿರುವಿಕೊಟ್ಟೆ.

ಗುರುವಾರ ಇದನ್ನು ಬಾಯಿಬಿಟ್ಟು ಹೇಳುತ್ತೇನೆ ಎಂದು ಮಾತು ಕೊಡಲಾರೆ. ಸಾಹೇಬ ಪಕ್ಕದಲ್ಲಿ ಕೂತಿರುತ್ತಾನೆ, ನನ್ನ ನಾಲಿಗೆ ನನಗೆ ಗೊತ್ತು. ಅದಕ್ಕೇ ಕೈಯಾರೆ ಬರೆದು, ನಾಳೆಯೇ ನಿನಗೆ ಸಿಗುವಂತೆ ಕಳಿಸುತ್ತಿದ್ದೇನೆ. ನಿನ್ನನ್ನು ಓದಿಸಿದ ಅಕ್ಕನ ಮಾನ ಎಂದು ನೀನು ಇದನ್ನು ಸುಟ್ಟರೆ ಯಾರೂ ಕೇಳುವುದಿಲ್ಲ. ಬೆಳಗಿನ ಬಸ್ಸು ಹಿಡಿದು ಅವಳ ವಕೀಲರಿಗೆ ತಲುಪಿಸಿದರೂ ನಾನು ಬೇಡವೆನ್ನುವುದಿಲ್ಲ.

ಯಾರಿಗೆ ಏನು ಸಿಕ್ಕಿತು ಎಂಬುದು ಹೀಗಿದೆ. ಮಂತ್ರಿಗಳಿಗೆ, ಲಂಚವೇ ಇಲ್ಲದ ಇಲಾಖೆ, ಇಲಾಖೆಯನ್ನೇ ತೆಗೆದಿರುವುದರಿಂದ. ಸ್ಲೈಡ್ ಸಾಹೇಬನಿಗೆ ಬಡ್ತಿ, ಮುಂದಿನ ತಿಂಗಳಿಂದ. ಕಾರ್ಯದರ್ಶಿಗೆ ಬೈಗುಳ. ಹೊಲಿಗೆಯಾಕೆಗೆ ಊರುಗೋಲು, ಒಂದು ಜೊತೆ. ನನಗೆ ಸಮಿತಿಯಲ್ಲಿ ಎಡಗಡೆಯ ಮೂರನೇ ಕುರ್ಚಿ. ನಿನ್ನ ಮಗಳಿಗೆ ಈ ಕಾಗದ, ನೀನು ಕೊಟ್ಟರೆ.