ಇವರಿಗೆ ಖಾರ ಆಗಲ್ಲ

ಡಿಸೆಂಬರ್ ೭, ಶನಿವಾರ

ಮತ್ತೆ ಕೋಯಂಬೇಡು ಮಾರ್ಕೆಟ್ಟು. ಮತ್ತೆ ಅವರೆಕಾಯಿ. ಚೆನ್ನೈನ ಈ ಅಣ್ಣಾ ನಗರದ ನಾಲ್ಕು ಕನ್ನಡ ಮನೆಗಳಿಗೆ ವಾರದ ತರಕಾರಿ ಒಟ್ಟಿಗೆ ತರುವ ಕೆಲಸ ನನಗೂ ರಘುರಾಮನಿಗೂ ಅಂಟಿಕೊಂಡಿದೆ. ಬೇರೆ ಯಾರಿಗೂ ಬೆಳಗ್ಗೆ ಏಳಲಾಗುವುದಿಲ್ಲ. ಅವನ ಹೆಂಡತಿ ಕೃತಿಗೆ ಶನಿವಾರವೂ ಕ್ಲಿನಿಕ್. ನನ್ನ ಗಂಡ ಶ್ರೀಶ ಮುಸುಕಿನೊಳಗಿಂದಲೇ "ಬೆಂಡೆಕಾಯಿ ಎಳೇದು ನೋಡಿ ತಾ" ಅಂದ. ಇವತ್ತಿನ ಸಂಸಾರ ಅಲ್ಲಿಗೆ ಮುಗಿಯಿತು.

ರಘುರಾಮ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಕನ್ನಡಕ್ಕೆ ತಮಿಳು ಬೆರೆಸದೆ ಮಾತೇ ಬಾರದು. ಅವರೆಕಾಯಿ ಮೂಸಿ, "ರೊಂಬ ವಾಸನೆ ಪ್ರಣಮ್ಯಾ. ನಿನ್ ಕೈಯೂ ಇದೇ ವಾಸನೆ" ಅಂದ. ಮಂಡ್ಯದವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಏನಿದೆ!

"ಥೂ, ಮಾರ್ಕೆಟ್ಟಲ್ಲಿ ಕೈ ಬಿಡೋ."

ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಜನರೆದುರು 'ನೀವು', ಕಾರಿನೊಳಗೆ 'ನೀನು'. ತಪ್ಪು ಅಂತ ಗೊತ್ತು. ಗೊತ್ತಿದ್ದೇ ಮಾಡುತ್ತಿದ್ದೇನೆ. ಯಾರ ಮನೆ ಗಂಟು ಹೋಯಿತು? ... ಹೋಗಿದೆ, ಕೃತಿಯದು. ಅದೊಂದು ಚುಚ್ಚುತ್ತದೆ.

ಡಿಸೆಂಬರ್ ೨೮

ಇಷ್ಟು ದಿನ ಬರೆದಿಲ್ಲ. ಖುಷಿಯಾಗಿದ್ದಾಗ ಯಾರು ಬರೆಯುತ್ತಾರೆ?

ಇವತ್ತು ಎಡವಟ್ಟಾಯಿತು. ನಮ್ಮ ಗುಂಪಿಗೆಲ್ಲ ಹಿರಿಯರು ಶಾರದಮ್ಮ. ಅವರ ಮನೆಯಲ್ಲಿ ಎಲ್ಲರೂ ಸೇರಿ ಅವರೆಕಾಯಿ ಸುಲಿದು ಅಲ್ಲೇ ಊಟಕ್ಕೆ ಕೂತೆವು. ಶಾರದಮ್ಮ ಸಾರಿನ ಸೌಟು ಹಿಡಿದು ರಘುರಾಮನ ತಟ್ಟೆಗೆ ಬಗ್ಗಿದರು. ನಾನು ಕೈ ಅಡ್ಡ ಹಿಡಿದೆ.

"ಇವರಿಗೆ ಖಾರ ಆಗಲ್ಲ, ಮೇಲಿನ ತಿಳಿ ಹಾಕಿ."

ಸೌಟು ಅಲ್ಲೇ ನಿಂತಿತು.

'ಇವರು'. ನಮ್ಮ ಕಡೆ ಮದುವೆಯಾದವಳು ಆ ದನಿಯಲ್ಲಿ 'ಇವರು' ಅನ್ನುವುದು ಗಂಡನಿಗೆ ಮಾತ್ರ. ನಾನು ಶ್ರೀಶನಿಗೂ ಅಂದವಳಲ್ಲ. ಅವನಿಗೆ ಹೆಸರಿದೆ, ಹೆಸರು ಹಿಡಿದೇ ಕರೆಯುತ್ತೇನೆ. ಅವನು ಹಸಿಮೆಣಸಿನಕಾಯಿ ಕಚ್ಚುತ್ತಾ ನನ್ನನ್ನೇ ನೋಡುತ್ತಿದ್ದ. ಕೃತಿ ಬಗ್ಗಿಸಿದ ತಲೆ ಎತ್ತದೆ ಅನ್ನ ಕಲೆಸುತ್ತಲೇ ಇದ್ದಳು.

ಅಯ್ಯೋ ನನ್ನ ನಾಲಿಗೆಯೇ.

ಜನವರಿ ೨

ಶ್ರೀಶ ಕೊನೆಗೂ ಬಾಯಿ ಬಿಟ್ಟ.

"ಸಂಕ್ರಾಂತಿಗೆ ಎಲ್ಲಾ ಸೇರ್ತಾರಲ್ಲ, ಅವತ್ತು ಬಾಯಿ ತಪ್ತು ಅಂದ್ಬಿಡು. ನಾನೂ ನಕ್ಬಿಡ್ತೀನಿ. ಮುಗೀತು."

ಬ್ಯಾಂಕಿನವನಲ್ಲವೇ. ತಪ್ಪು ಎಂಟ್ರಿ ರಿವರ್ಸ್ ಮಾಡಿದರೆ ಅವನಿಗೆ ಸಮಾಧಾನ.

"ಅನ್ನದೆ ಹೋದ್ರೆ?"

"ನಾನು ಈ ಮನೇಲಿರಲ್ಲ ಪ್ರಣಮ್ಯಾ."

ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು. ಕೆಟ್ಟವನಲ್ಲ ಅವನು. ಅದೇ ಕಷ್ಟ.

ಜನವರಿ ೧೦

ಲಂಚ್ ಹೊತ್ತಿನಲ್ಲಿ ರಘುರಾಮ ನುಂಗಂಬಾಕ್ಕಂಗೆ, ನನ್ನ ಆಫೀಸಿನ ಹತ್ತಿರವೇ ಬಂದ. ಕಾಫಿ ತರಿಸಿದ, ಕುಡಿಯಲಿಲ್ಲ.

"ಒಂದು ಮಾತು ತಾನೇ ಮಾ. ನೀವು ಹೇಳ್ಬಿಡಿ, ಎಲ್ಲಾ ಸರಿ ಆಗ್ಬಿಡುತ್ತೆ."

ನೀವು!

"ಇಲ್ಲಿ ಯಾರಿದಾರೆ, ನೀವು ಅನ್ನೋಕೆ?"

ಸುತ್ತಮುತ್ತ ಒಂದು ಕನ್ನಡದ ನರಪಿಳ್ಳೆ ಇಲ್ಲ. ಅವನು ಬಿಲ್ ತರಿಸಿದ. ನನಗೆ ಅರ್ಥವಾಯಿತು. ಇನ್ನು ಕಾರಿನೊಳಗೂ ನಾನು 'ನೀವು'.

ಹೇಡಿ. ಪಕ್ಕಾ ಹೇಡಿ. ಬಸ್ಸಿನಲ್ಲಿ ಅತ್ತೆ. ಸಿಟ್ಟಿಗೆ ಅತ್ತೆ ಅಂತ ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಅವನು ಬೇಕಿತ್ತು ನನಗೆ.

ಜನವರಿ ೧೪, ಸಂಕ್ರಾಂತಿ

ಎಳ್ಳು ಬೀರಲು ಎಲ್ಲರೂ ಶಾರದಮ್ಮನವರ ಮನೆಗೆ. ಅವರೇ ಶುರು ಮಾಡಿದರು, ನನ್ನನ್ನು ಉಳಿಸಲಿಕ್ಕೆ, ಪಾಪ.

"ಅವತ್ತೇನೋ ಬಾಯಿ ತಪ್ಪಿ ಅಂದ್ಬಿಟ್ಟೆ, ಅಲ್ವೇನೇ?"

ಹೂಂ ಅಂದಿದ್ದರೆ ಸಾಕಿತ್ತು. ಶ್ರೀಶ ಆಗಲೇ ನಗಲು ತಯಾರಾಗಿದ್ದ. ರಘುರಾಮ ಸಕ್ಕರೆ ಅಚ್ಚು ತಿರುಗಿಸುತ್ತಾ ಕೂತಿದ್ದ. ಈ ಒಂದು ವರ್ಷದಲ್ಲಿ ನಾನು ಎಲ್ಲರೆದುರು ಆಡಿದ ನಿಜ ಅದೊಂದೇ. ಅದನ್ನೂ ನುಂಗಬೇಕಾ?

"ಇಲ್ಲ ಶಾರದಮ್ಮ. ಬಾಯಿ ತಪ್ಪಲಿಲ್ಲ."

"ಮೇಡಂ ಸುಮ್ನೆ ಕಿಂಡಲ್ ಮಾಡ್ತಿದಾರೆ" ಅಂತ ರಘುರಾಮ ನಕ್ಕ. ಬೇರೆ ಯಾರೂ ನಗಲಿಲ್ಲ.

ಕೃತಿ ಎದ್ದು ನನ್ನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೇ ನಿಂತೆ.

"ನೀವಾದ್ರೂ ನಿಜ ಹೇಳಿದ್ರಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು.

ಹೊಡೆದಿದ್ದರೇ ಚೆನ್ನಾಗಿತ್ತು.

ಜನವರಿ ೧೮, ಶನಿವಾರ, ಬೆಳಗ್ಗೆ

ಶ್ರೀಶ ಮೊನ್ನೆ ತನ್ನ ಅಣ್ಣನ ಮನೆಗೆ ಹೋದ. ದೊಡ್ಡ ಸೂಟ್‌ಕೇಸ್. ವಾಟ್ಸಾಪ್ ಗ್ರೂಪಿನಲ್ಲಿ ಈ ವಾರದ ತರಕಾರಿಗೆ ಬೇರೆ ಹೆಸರು. ನಿನಗೇನು ಬೇಕು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಸರಿ, ನಾನೇ ಬಂದೆ. ಕೋಯಂಬೇಡು ಅವರಪ್ಪನ ಆಸ್ತಿಯಾ?

ಅವರೆಕಾಯಿ ಮಾರುವಾಕೆ ನನ್ನ ಹಿಂದೆ ಇಣುಕಿ ಕೇಳಿದಳು: "ವೀಟ್ಟುಕಾರರ್ ವರಲಿಯಾ ಮಾ?"

ಮನೆಯವರು ಬರಲಿಲ್ಲವಾ ಅಂತ. ಶ್ರೀಶ ಈ ಮಾರ್ಕೆಟ್ಟನ್ನು ಕಣ್ಣಲ್ಲೂ ಕಂಡವನಲ್ಲ. ಇವಳೊಬ್ಬಳ ಪಾಲಿಗೆ ನಾವು ಗಂಡ ಹೆಂಡತಿ. ಇಲ್ಲ ಅನ್ನಲು ಮನಸ್ಸಾಗಲಿಲ್ಲ.

"ವರಮಾಟ್ಟಾರ್" ಅಂದೆ. ಬರುವುದಿಲ್ಲ.

ಹಟಕ್ಕೆ ಇಡೀ ಮೂಟೆ ತೆಗೆದುಕೊಂಡೆ. ಈಗ ಕಾರಿನಲ್ಲಿ ಕೂತಿದ್ದೇನೆ. ಹಿಂದೆ ಲಾರಿಯವನು ಹಾರ್ನ್ ಬಾರಿಸುತ್ತಿದ್ದಾನೆ. ಇರಪ್ಪಾ, ತೆಗೆಯುತ್ತೇನೆ. ಪಶ್ಚಾತ್ತಾಪ ಗಿಶ್ಚಾತ್ತಾಪ ಏನಿಲ್ಲ. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಇಷ್ಟೊಂದು ಕಾಯಿ ಒಬ್ಬಳೇ ಕೂತು ಸುಲಿದು, ಯಾರಿಗೆ ಅಂತ ಬಡಿಸಲಿ?