ನೀವಿಬ್ಬರೂ ಎದುರಾಗಿದ್ದರೆ

ಗುಡುಗು,

ಕುಸ್ತಿ ರಿಂಗಿನ ಈ ಹೆಸರಿನಿಂದ ಊರೆಲ್ಲ ನಿನ್ನನ್ನು ಕರೆಯುತ್ತಿತ್ತು. ನೀನಿದ್ದಾಗ ನಾನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ನೀನು ತೀರಿಕೊಂಡ ಮೇಲೂ ಜನ ನಿನ್ನ ಬಗ್ಗೆ ಕೇಳಿಕೊಂಡು ನಮ್ಮ ಮನೆಗೇ ಬರುತ್ತಾರೆ. ಇವತ್ತು ಪತ್ರಕರ್ತನೊಬ್ಬ ಬಂದಿದ್ದ. ನಿನ್ನ ಕಾಲದ ಇನ್ನೊಬ್ಬ ಪೈಲ್ವಾನ, ಈಗ ಸೊಂಟ ಮುರಿದು ಗಾಲಿಕುರ್ಚಿ ಸೇರಿರುವ ನನ್ನ ಗಂಡನನ್ನು ಕೇಳಿದ: "ನೀವೂ ಗುಡುಗೂ ಒಂದೇ ಒಂದು ಸಲ ಎದುರಾಗಿದ್ರೆ ಯಾರು ಗೆಲ್ತಿದ್ರು ಸಾರ್?"

ಇವರು ನನ್ನತ್ತ ಕೈ ತೋರಿಸಿದರು. "ಅವಳನ್ನೇ ಕೇಳಿ. ಇಬ್ಬರನ್ನೂ ಬಲ್ಲವಳು."

ನಾನು ಟೀ ಲೋಟಗಳನ್ನು ಎತ್ತಿಟ್ಟು, ಮೇಜು ಒರೆಸಿ, ಆಮೇಲೆ "ಇವರೇ" ಅಂದೆ.

ಅವನು ಹೋದ ಮೇಲೆ ಇವರು ಮೆಲ್ಲಗೆ ಕೇಳಿದರು: "ಅದನ್ನ ಹೇಳೋಕೆ ಅಷ್ಟು ಹೊತ್ತು ಬೇಕಾಯ್ತಾ?"

ರಾತ್ರಿ ಇವರನ್ನು ಕುರ್ಚಿಯಿಂದೆತ್ತಿ ಮಂಚದ ಮೇಲೆ ಮಲಗಿಸಲು ಬಗ್ಗಿದೆ. ಎಂದಿನಂತೆ ನನ್ನ ಕೊರಳಿಗೆ ತೋಳು ಹಾಕಿದರು. ತಲೆ ದಿಂಬಿಗೆ ತಾಗಿದ ಮೇಲೂ ತೋಳು ಸಡಿಲಿಸಲಿಲ್ಲ. ನಾನೂ ಬಿಡಿಸಿಕೊಳ್ಳದೆ ಹಾಗೇ ಬಗ್ಗಿ ನಿಂತೆ.